ಬಸಲಿಂಗಮ್ಮನ ಗಂಜಿ

ಕೊರೊನಾ ಹಾವಳಿ ಇಳಿದು ವಾರ್ಡುಗಳಿಗೆ ಮತ್ತೆ ಮಾಮೂಲಿ ರೋಗಿಗಳು ಬರತೊಡಗಿದ್ದ ವರ್ಷ ಅದು. ರಾಯಚೂರಿನ ಒಂದು ಆಸ್ಪತ್ರೆಯ ಹೆಂಗಸರ ಸರ್ಜಿಕಲ್ ವಾರ್ಡಿನಲ್ಲಿ ನಾನು ಸೀನಿಯರ್ ನರ್ಸಿಂಗ್ ಆಫೀಸರ್ ಆಗಿದ್ದೆ. ಹುದ್ದೆಯ ಹೆಸರು ಹಾಗೆ ಬದಲಾಗಿದ್ದರೂ ಜನರ ಬಾಯಲ್ಲಿ ನಾನು ಅಂದಿಗೂ ಇಂದಿಗೂ ಸಿಸ್ಟರೇ. ನನ್ನ ಊರು ಮಾನ್ವಿ ತಾಲ್ಲೂಕಿನ ಪೋತ್ನಾಳ. ನಮ್ಮವ್ವ ಬೇರೆಯವರ ಗದ್ದೆಯಲ್ಲಿ ಭತ್ತದ ನಾಟಿ ಮಾಡಿ ನನ್ನನ್ನು ಓದಿಸಿದವಳು. ಓದಿ ಮುಗಿಸಿದ ಮೇಲೆ ನನ್ನ ಇಡೀ ನೌಕರಿ ಹೊಟ್ಟೆಗಳ ನಡುವೆಯೇ ಕಳೆಯಿತು. ಅಪೆಂಡಿಕ್ಸ್, ಹರ್ನಿಯಾ, ಪಿತ್ತಕೋಶದ ಕಲ್ಲು, ಕರುಳಿನ ಗಂಟು, ಒಂದೇ ಎರಡೇ. ದಾರಿಯಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ನನಗೆ ಮುಖದ ಗುರುತು ಹತ್ತುವುದಿಲ್ಲ, ಹೊಟ್ಟೆಯ ಮೇಲಿನ ಹೊಲಿಗೆ ತೋರಿಸಿದರೆ ಹೆಸರು ಸಮೇತ ಹೇಳುತ್ತೇನೆ ಎಂದು ನಮ್ಮ ಮನೆಯಲ್ಲಿ ನಗುತ್ತಾರೆ. ನಿವೃತ್ತಿಯಾದ ಮೇಲೆ ಎಷ್ಟೋ ಹೊಟ್ಟೆಗಳನ್ನು ಮರೆತಿದ್ದೇನೆ. ಗಬ್ಬೂರಿನ ಬಸಲಿಂಗಮ್ಮನ ಹೊಟ್ಟೆಯನ್ನು ಮರೆತಿಲ್ಲ.

ಅವಳನ್ನು ಕರೆತಂದದ್ದು ಬೇಸಿಗೆಯ ಮಧ್ಯಾಹ್ನ. ರಾಯಚೂರಿನ ಬೇಸಿಗೆ ಎಂದರೆ ಗೊತ್ತಲ್ಲ, ಸ್ಟ್ರೆಚರಿನ ಕಬ್ಬಿಣ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ನಲವತ್ತೈದರ ಆಸುಪಾಸಿನ ಹೆಣ್ಣುಮಗಳು, ಒಕ್ಕಲುತನದ ಮನೆಯ ಸೊಸೆ. ಎರಡು ದಿನದಿಂದ ಮಲ ಇಲ್ಲ, ಗಾಳಿಯೂ ಸರಿದಿಲ್ಲ. ಹೊಟ್ಟೆ ಡೊಳ್ಳಿನ ಹಾಗೆ ಬಿಗಿದಿತ್ತು. ಮೊದಲು ಅಜೀರ್ಣ ಎಂದುಕೊಂಡು ಮನೆಯಲ್ಲಿ ಅಜವಾನ ತಿನ್ನಿಸಿದ್ದರು, ಸೋಡಾ ಕುಡಿಸಿದ್ದರು. ವಾಂತಿ ಶುರುವಾದಾಗ ಗಾಬರಿಯಾಗಿ ದೇವದುರ್ಗದ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನವರು ಮೂಗಿಗೆ ನಳಿಕೆ ಹಾಕಿ, ಗ್ಲುಕೋಸ್ ಹಚ್ಚಿ, ತಡಮಾಡದೆ ಆಂಬುಲೆನ್ಸಿನಲ್ಲಿ ನಮ್ಮಲ್ಲಿಗೆ ಕಳಿಸಿದರು. ಜೊತೆಗೆ ಗಂಡ ಸಿದ್ದಪ್ಪ, ಅತ್ತೆ ಗುರುಬಸಮ್ಮ. ಅತ್ತೆಗೆ ಎಪ್ಪತ್ತು ದಾಟಿತ್ತು. ಹಣೆ ತುಂಬ ವಿಭೂತಿ, ಬೆನ್ನು ಮಾತ್ರ ಇನ್ನೂ ನೆಟ್ಟಗೆ.

ಎಕ್ಸ್‌ರೇಯಲ್ಲಿ ದೊಡ್ಡ ಕರುಳಿನ ಒಂದು ಸುತ್ತು ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಉಬ್ಬಿ, ನಡುವೆ ಮಡಚಿ ಕೂತಿತ್ತು. ಇಲ್ಲಿ ಹೊಟ್ಟೆಯೊಳಗಿನ ದಾರಿಯನ್ನು ಸ್ವಲ್ಪ ಪರಿಚಯ ಮಾಡಿಕೊಡದಿದ್ದರೆ ಮುಂದಿನದು ತಿಳಿಯುವುದಿಲ್ಲ, ಬೇಸರಪಡಬೇಡಿ. ನಾವು ತಿಂದ ರೊಟ್ಟಿ ಹೋಗುವುದು ಒಂದೇ ಕೊಳವೆಯಲ್ಲಿ. ಬಾಯಲ್ಲಿ ಹಲ್ಲು ಅರೆಯುತ್ತದೆ, ಜೊಲ್ಲು ಹಿಟ್ಟಿನ ಅಂಶವನ್ನು ಅಲ್ಲಿಯೇ ಕರಗಿಸತೊಡಗುತ್ತದೆ. ರೊಟ್ಟಿಯನ್ನು ನಿಧಾನವಾಗಿ ಅಗಿದರೆ ಸಿಹಿ ಎನಿಸುವುದು ಅದಕ್ಕೇ. ಅನ್ನನಾಳ ಅದನ್ನು ಹಿಂಡಿ ಹಿಂಡಿ ಕೆಳಗೆ ನೂಕುತ್ತದೆ. ಜಠರ ಆಸಿಡ್ ಬೆರೆಸಿ ಒಂದೆರಡು ತಾಸು ಕಡೆದು ಅಂಬಲಿಯಂತೆ ಮಾಡುತ್ತದೆ. ಆಮೇಲೆ ಸಣ್ಣ ಕರುಳು. ಅದು ಸಣ್ಣದು ಅಗಲದಲ್ಲಿ ಮಾತ್ರ. ಉದ್ದದಲ್ಲಿ ಇಪ್ಪತ್ತು ಅಡಿ, ಹೆಚ್ಚುಕಡಿಮೆ ಒಂದು ಸೀರೆಯಷ್ಟು. ಸೀರೆಗೆ ನಿರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸುತ್ತೇವಲ್ಲ, ಹಾಗೆಯೇ ಒಂದು ತೆಳು ಪೊರೆ ಅದನ್ನು ನಿರಿಗೆ ಹಿಡಿದು ಬೆನ್ನಿನ ಕಡೆಗೆ ಸಿಕ್ಕಿಸಿಟ್ಟಿದೆ. ಯಕೃತ್ತಿನ ಪಿತ್ತರಸ, ಮೇದೋಜೀರಕ ಗ್ರಂಥಿಯ ರಸ ಇಲ್ಲಿಗೆ ಬಂದು ಕೂಡುತ್ತವೆ. ಮೈಗೆ ಹತ್ತುವ ಬಹುಪಾಲು ಇಲ್ಲಿಯೇ ಹತ್ತುತ್ತದೆ. ಉಳಿದದ್ದು ಐದು ಅಡಿಯ ದೊಡ್ಡ ಕರುಳಿಗೆ ಹೋಗುತ್ತದೆ. ನೀರು ಹೀರಿಕೊಂಡು ಗಟ್ಟಿ ಮಾಡಿ ಹೊರಗೆ ಕಳಿಸುವುದು ಅದರ ಪಾಲಿನ ಕೆಲಸ.

ಈ ದೊಡ್ಡ ಕರುಳಿನ ಕೊನೆಯ ತಿರುವಿಗೆ ಸಿಗ್ಮಾಯ್ಡ್ ಎನ್ನುತ್ತಾರೆ. ಕೆಲವರಲ್ಲಿ ಅದು ಉದ್ದವಾಗಿದ್ದು, ಅದನ್ನು ಹಿಡಿದಿರುವ ಬುಡ ಮಾತ್ರ ಕಿರಿದಾಗಿರುತ್ತದೆ. ಅಂಥವರಲ್ಲಿ ಅದು ತನ್ನ ಸುತ್ತ ತಾನೇ ತಿರುಚಿಕೊಳ್ಳಬಹುದು. ತಿರುಚಿದರೆ ಎರಡೂ ಬಾಯಿ ಮುಚ್ಚಿ, ರಕ್ತ ನಿಂತು, ಕರುಳು ಕಪ್ಪಾಗುತ್ತದೆ. ಬಸಲಿಂಗಮ್ಮನಿಗೆ ಆದದ್ದು ಅದೇ. ನಮ್ಮ ಸರ್ಜನ್ ಡಾ. ಖಾದ್ರಿಯವರು ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದರು. ಸೋಂಕು ಹರಡಿದ್ದ ಹೊಟ್ಟೆಯಲ್ಲಿ ಎರಡು ತುದಿಗಳನ್ನು ಆಗಲೇ ಕೂಡಿಸಿ ಹೊಲಿದರೆ ಬಿಟ್ಟುಕೊಳ್ಳುವ ಭಯ. ಹಾಗಾಗಿ ಕೆಳಗಿನ ತುದಿಯನ್ನು ಮುಚ್ಚಿ ಒಳಗೇ ಬಿಟ್ಟು, ಮೇಲಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರತಂದು ಚರ್ಮಕ್ಕೆ ಹೊಲಿದರು. ಇದಕ್ಕೆ ಕೊಲೊಸ್ಟಮಿ ಎನ್ನುತ್ತೇವೆ. ಮಲ ಅಲ್ಲಿಂದಲೇ ಬರುತ್ತದೆ, ಮೇಲೆ ಅಂಟಿಸಿದ ಚೀಲದಲ್ಲಿ ಸೇರುತ್ತದೆ. ಕೆಲವು ತಿಂಗಳ ಮೇಲೆ ರೋಗಿ ಗಟ್ಟಿಯಾದರೆ ಇನ್ನೊಂದು ಆಪರೇಷನ್ ಮಾಡಿ ಒಳಗೆ ಕೂಡಿಸಿ ಮುಚ್ಚುತ್ತಾರೆ.

ಆಪರೇಷನ್ ಥಿಯೇಟರಿಗೆ ಒಯ್ಯುವ ಮುನ್ನ ರೋಗಿಯ ಮೈಮೇಲಿನ ದಾರ, ಒಡವೆ ಎಲ್ಲ ತೆಗೆದು ಮನೆಯವರ ಕೈಗೆ ಕೊಡುವುದು ನಮ್ಮ ಪದ್ಧತಿ. ಬಸಲಿಂಗಮ್ಮನ ಕೊರಳಲ್ಲಿ ಇಷ್ಟಲಿಂಗವಿತ್ತು. ಬೆಳ್ಳಿಯ ಪುಟ್ಟ ಕರಡಿಗೆಯಲ್ಲಿಟ್ಟ ಲಿಂಗ, ಅದನ್ನು ಕಟ್ಟುವ ಶಿವದಾರ. ಲಿಂಗ ಕಟ್ಟಿಕೊಂಡವರು ಅದನ್ನು ಮೈಯಿಂದ ಬೇರೆ ಮಾಡುವುದಿಲ್ಲ ಎಂಬುದು ಈ ಭಾಗದಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಅರೆ ಎಚ್ಚರದಲ್ಲಿದ್ದ ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅತ್ತೆಯೇ ಬಂದು, "ನನ್ನ ಕೈಯಾಗ ಕೊಡು ಯವ್ವಾ, ನಾ ಜ್ವಾಕಿ ಮಾಡ್ತೀನಿ," ಎಂದು ಬಿಡಿಸಿಕೊಂಡು ತನ್ನ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಒಂದೆರಡು ದಿನ ಕಳೆದ ಮೇಲೆ ಮೂಗಿನ ನಳಿಕೆ ತೆಗೆದೆವು. ಸ್ಟೋಮಾ, ಅಂದರೆ ಹೊರತಂದ ಕರುಳಿನ ಬಾಯಿ, ಕೆಂಪಗೆ ಹಸಿಯಾಗಿ ಆರೋಗ್ಯವಾಗಿತ್ತು. ಅದರಿಂದ ಗಾಳಿ ಬರತೊಡಗಿತು. ಡಾ. ಖಾದ್ರಿ ಸ್ಟೆತೊಸ್ಕೋಪ್ ಇಟ್ಟು ಕೇಳಿ, ಗಂಜಿ ಶುರು ಮಾಡಿ ಎಂದರು. ಗುರುಬಸಮ್ಮ ದಿನವೂ ಬೆಳಿಗ್ಗೆ ಆಸ್ಪತ್ರೆಯ ಅಡುಗೆಮನೆಯಿಂದ ಗಂಜಿ ತಂದು ಸೊಸೆಯ ಮುಂದಿಡುತ್ತಿದ್ದಳು. ತಾನು ಸ್ನಾನ, ಲಿಂಗಪೂಜೆ ಮಾಡಿಕೊಳ್ಳಲು ರೋಗಿಗಳ ಕಡೆಯವರು ತಂಗುವ ಕಟ್ಟಡಕ್ಕೆ ಹೋಗಿ ಬರುತ್ತಿದ್ದಳು. ಬರುವ ಹೊತ್ತಿಗೆ ಬಟ್ಟಲು ಖಾಲಿ. ಮಧ್ಯಾಹ್ನ, ರಾತ್ರಿ ಮಗನಿಗೆ ಊಟ ಕೊಡಲು ಹೊರಗೆ ಹೋಗಿ ಬಂದಾಗಲೂ ಅಷ್ಟೇ. "ಉಂಡ್ಯಾ ಬಸವ್ವಾ?" "ಉಂಡೇರಿ ಅತ್ತಿ." ನಾನು ಕೇಳಿದರೂ, "ಉಂಡೀನ್ರಿ ಸಿಸ್ಟರ್." ರೌಂಡ್ಸಿನಲ್ಲಿ ಡಾಕ್ಟರು ಕೇಳಿದರೂ ಅದೇ ಉತ್ತರ.

ಆದರೆ ಚೀಲದಲ್ಲಿ ಏನೂ ಬೀಳುತ್ತಿರಲಿಲ್ಲ. ಸ್ವಲ್ಪ ಲೋಳೆ, ಸ್ವಲ್ಪ ಗಾಳಿ, ಅಷ್ಟೇ. ತೂಕ ಇಳಿಯತೊಡಗಿತು, ಕೆನ್ನೆ ಒಳಗೆ ಹೋದವು, ಗಾಯದ ಒಂದು ಮೂಲೆ ಕೂಡಲೊಲ್ಲದು. ರಕ್ತ ಪರೀಕ್ಷೆಯಲ್ಲಿ ಪ್ರೋಟೀನು ಕೆಳಕ್ಕೆ ಕೆಳಕ್ಕೆ. ಡಾ. ಖಾದ್ರಿಯವರ ಹುಬ್ಬು ಗಂಟಾಯಿತು. ಒಳಗೆ ಎಲ್ಲಾದರೂ ಕರುಳು ಮತ್ತೆ ಅಂಟಿಕೊಂಡಿದೆಯೇ, ಕೀವು ಕೂತಿದೆಯೇ ಎಂಬುದು ಅವರ ಚಿಂತೆ. ಸಿ.ಟಿ. ಸ್ಕ್ಯಾನ್ ಬರೆದರು. "ಸಿಸ್ಟರ್, ಹೀಗೇ ಹೋದರೆ ಮತ್ತೆ ಹೊಟ್ಟೆ ತೆರೆದು ನೋಡಬೇಕಾದೀತು. ಆದರೆ ಈ ದೇಹಸ್ಥಿತಿಯಲ್ಲಿ ತೆರೆದರೆ ಉಳಿಯುತ್ತಾಳೆಂದು ಹೇಳಲಾರೆ," ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು. ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ ಸಿದ್ದಪ್ಪನಿಗೆ ಇದನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತ ನಿಂತೆ.

ಗುಟ್ಟು ರಟ್ಟಾದದ್ದು ಪಕ್ಕದ ಹಾಸಿಗೆಯಿಂದ. ಅಲ್ಲಿ ಮಾನ್ವಿಯ ಹುಸೇನಮ್ಮ ಎಂಬ ಅರವತ್ತರ ಮುದುಕಿ ಇದ್ದಳು, ಹರ್ನಿಯಾದವಳು. ಮಾತಿನ ಮಲ್ಲಿ. ಇಡೀ ವಾರ್ಡಿಗೆ ಅವಳೇ ರೇಡಿಯೋ. ಮರುದಿನ ಬೆಳಿಗ್ಗೆ ಅವಳ ಆಪರೇಷನ್ ಇತ್ತು. ಖಾಲಿ ಹೊಟ್ಟೆಯಲ್ಲಿರಬೇಕು, ಒಂದು ಗುಟುಕೂ ಕೂಡದು ಎಂದು ನಾನೇ ಸಾರಿ ಸಾರಿ ಹೇಳಿದ್ದೆ. ಬೆಳಿಗ್ಗೆ ಒಯ್ಯಲು ಹೋದರೆ ಮುದುಕಿಯ ತುಟಿಯ ಮೇಲೆ ಬಿಳಿ ಗೆರೆ. ತುಟಿಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಏನೂ ಅರಿಯದವಳಂತೆ ಕೂತಿದ್ದಾಳೆ!

"ಏನ್ ತಿಂದಿ?" ಎಂದು ಗದರಿದೆ.

"ಏನಿಲ್ಲ ಸಿಸ್ಟರಮ್ಮ. ಒಂದೀಟು ಗಂಜಿ."

"ಯಾರ್ ಕೊಟ್ರು ನಿನಗ ಗಂಜಿ? ಆಪ್ರೇಷನ್ ಅದ ಅಂತ ಬಡಕೊಂಡಿದ್ದೆ ಇಲ್ಲೋ?"

"ಬಸಲಿಂಗವ್ವ ಕೊಡ್ತಾಳಲ್ರಿ ದಿನಾ. ನಾ ಬ್ಯಾಡ ಅಂದ್ರೂ ಕೇಳಂಗಿಲ್ಲ. ಚೆಲ್ಲಿದ್ರ ಪಾಪ ಬರ್ತದ, ನೀನಾರ ಉಣ್ಣು ಅಂತಾಳ. ಕೊಟ್ಲು, ಉಂಡೆ. ಇದ್ರಾಗ ನನ್ದೇನ್ ತಪ್ಪು?"

ಹುಸೇನಮ್ಮನ ಆಪರೇಷನ್ ಮುಂದಕ್ಕೆ ಹೋಯಿತು. ಥಿಯೇಟರಿನವರಿಂದ ನನಗೆ ಬೈಗುಳ ಬಂತು. ನನಗೆ ಅದ್ಯಾವುದೂ ತಲೆಗೆ ಹೋಗಲಿಲ್ಲ. ಒಂದು ವಾರದಿಂದ ಈ ಹೆಂಗಸು ಅನ್ನದ ಅಗುಳು ಮುಟ್ಟಿಲ್ಲ! ಕರುಳು ಕೆಟ್ಟಿಲ್ಲ, ಅದಕ್ಕೆ ಕೆಲಸವೇ ಕೊಟ್ಟಿಲ್ಲ. ಡಾಕ್ಟರಿಗೆ ಹೇಳಿ ಸಿ.ಟಿ.ಯನ್ನು ಎರಡು ದಿನ ತಡೆಸಿದೆ. ಪರದೆ ಎಳೆದು ಅವಳ ಹಾಸಿಗೆಯ ತುದಿಗೆ ಕೂತೆ. ಕೋಪ ಮೂಗಿನ ತುದಿಯಲ್ಲೇ ಇತ್ತು.

"ಬಸಲಿಂಗಮ್ಮ, ಯಾಕ ಉಣವಲ್ಲಿ? ಹೊಟ್ಟಿ ನೋಯ್ತದೇನು?"

"ಇಲ್ರಿ."

"ಗಂಜಿ ಸೇರಂಗಿಲ್ಲೇನು?"

"ಗಂಜಿ ಚಲೋ ಅದರಿ."

"ಮತ್ತ್ಯಾಕ? ಸಾಯಬೇಕಂತ ಮಾಡೀಯೇನು?"

ಅವಳು ಏಟು ತಿಂದವಳಂತೆ ನನ್ನನ್ನು ನೋಡಿದಳು. ಕಣ್ಣಿಂದ ದಳದಳ ನೀರು ಇಳಿಯಿತು. "ಪೂಜಿ ಆಗದ ಹೆಂಗ್ ಉಣ್ಲಿ ಸಿಸ್ಟರ್? ಲಿಂಗ ಕಟ್ಟಿದಾಗಿಂದ ಒಂದಿನಾನೂ ಹಂಗ ಉಂಡಿಲ್ರಿ ನಾ."

ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ನೀರೆರೆದು, ವಿಭೂತಿ ಪತ್ರಿ ಏರಿಸಿ, ಆ ನೀರನ್ನು ತೀರ್ಥವೆಂದು ಕುಡಿದ ಮೇಲೆಯೇ ಅವಳ ಬಾಯಿಗೆ ಅನ್ನ. ಅದು ಅವಳ ನೇಮ. ನನ್ನ ಕೋಪ ಇಳಿದುಹೋಯಿತು. "ಹಂಗಿದ್ರ ಪೂಜಿ ಮಾಡ್ಕೋ. ಯಾರ್ ಬ್ಯಾಡ ಅಂದಾರ ನಿನಗ?" ಎಂದೆ.

ಅವಳು ಸೆರಗು ಸರಿಸಿ ಚೀಲ ತೋರಿಸಿದಳು. "ಇದನ್ನ ಮೈಮ್ಯಾಲ ಇಟಗೊಂಡು ಲಿಂಗ ಹೆಂಗ್ ಮುಟ್ಲಿ? ನನ್ನ ಶಿವದಾರ ಇಲ್ಲೀತನ ಬರ್ತದ್ರಿ. ಲಿಂಗ ಬಂದು ಈ ಹೇಸಿಗಿ ಮ್ಯಾಲೇ ಕುಂದ್ರತದ. ಹೊಟ್ಟಿ ಮುಚ್ಚಲಿ, ಆಮ್ಯಾಲ ಕಟ್ಟಿಕೊಂತೀನಿ, ಆಮ್ಯಾಲ ಉಂತೀನಿ."

ಲೆಕ್ಕ ಹೀಗಿತ್ತು ನೋಡಿ. ಚೀಲ ಇರುವವರೆಗೆ ಲಿಂಗ ಮುಟ್ಟುವಂತಿಲ್ಲ. ಲಿಂಗ ಮುಟ್ಟದೆ ಉಣ್ಣುವಂತಿಲ್ಲ. ಉಣ್ಣದಿದ್ದರೆ ಮೈ ಗಟ್ಟಿಯಾಗುವುದಿಲ್ಲ, ಮೈ ಗಟ್ಟಿಯಾಗದೆ ನಾವು ಹೊಟ್ಟೆ ಮುಚ್ಚುವಂತಿಲ್ಲ. ಮಾತ್ರೆ, ನೀರು, ಬಾಟಲಿಯ ಗ್ಲುಕೋಸ್, ಪುಡಿ ಕದಡಿದ ಓ.ಆರ್.ಎಸ್. ಮಾತ್ರ ತೆಗೆದುಕೊಂಡಿದ್ದಳು. "ಅದು ಔಷಧಿರೀ, ಊಟ ಅಲ್ಲಲ್ಲ," ಎಂದಳು. ಇನ್ನೂ ತಿಂಗಳುಗಟ್ಟಲೆ ಹೀಗೇ ಕಾಯುವೆನೆಂದು ನಂಬಿ ಕೂತಿದ್ದಳು ಹುಚ್ಚಿ.

ನಾನು ನನ್ನ ಪಾಠ ಶುರುಮಾಡಿದೆ. ಅವಳ ಕೈಯಲ್ಲಿ ಹಸಿರು ಬಳೆಗಳಿದ್ದವು. ಒಂದನ್ನು ಹಿಡಿದು, "ಈ ಬಳಿ ನಡುವ ತೂತು ಅದಲ್ಲ, ಅದು ಬಳಿ ಗಾಜಿನ ಒಳಗ ಅದೇನು?" ಎಂದೆ. ಇಲ್ಲ ಎಂದಳು. "ಕರುಳೂ ಹಂಗ. ಬಾಯಿಂದ ಕೆಳಗಿನತನ ಒಂದು ಕೊಳವಿ. ನೀ ನುಂಗಿದ್ದು ಆ ತೂತಿನಾಗ ಇರೋತನ ಅದು ನಿನ್ನ ಮೈಯಲ್ಲ, ಹಾದು ಹೋಗೋದು. ಬೇಕಾದ್ದನ್ನ ಸಣ್ಣ ಕರುಳು ಸೋಸಿ ರಕ್ತಕ್ಕ ಕೊಡ್ತದ. ಬ್ಯಾಡಾದ್ದು ಮುಂದ ಹೋಗ್ತದ. ಎಲ್ಲಾರ ಹೊಟ್ಟ್ಯಾಗೂ ಅದು ಇದ್ದ ಇರ್ತದ. ಪೂಜಿ ಮಾಡುವಾಗ ನಿಮ್ಮತ್ತಿ ಹೊಟ್ಟ್ಯಾಗ ಇರಂಗಿಲ್ಲೇನು? ನಿಮ್ಮ ಮಠದ ಅಯ್ಯನವರ ಹೊಟ್ಟ್ಯಾಗ?"

ಅಯ್ಯನವರ ಹೊಟ್ಟೆ ಎಂದಾಗ ಅಳುವಿನಲ್ಲೂ ಅವಳಿಗೆ ನಗು ಬಂತು. ಮರುಕ್ಷಣ ತಲೆ ಅಲ್ಲಾಡಿಸಿದಳು. "ಒಳಗಿದ್ದದ್ದು ಬ್ಯಾರೆರೀ, ಹೊರಗ ಬಂದದ್ದು ಬ್ಯಾರೆ."

ಇನ್ನೊಂದು ದಾರಿ ಹಿಡಿದೆ. ಕರುಳಿನ ಒಳಪದರ ತನ್ನ ಆಹಾರದಲ್ಲಿ ಬಹುಪಾಲನ್ನು ತನ್ನ ಮುಂದೆ ಹಾದುಹೋಗುವ ಊಟದಿಂದಲೇ ತೆಗೆದುಕೊಳ್ಳುತ್ತದೆ. ನಾವು ಉಪವಾಸ ಬಿದ್ದರೆ ಅದೂ ಉಪವಾಸ ಬೀಳುತ್ತದೆ, ಸವೆಯುತ್ತದೆ. "ಹೊಲಿದ ಕರುಳು ಮಾಯಬೇಕಂದ್ರ ಅದಕ್ಕೂ ಉಣ್ಣಾಕ ಹಾಕಬೇಕವ್ವ," ಎಂದೆ. "ಮೈಲಿಗಿರೀ ಸಿಸ್ಟರ್," ಎಂದಷ್ಟೇ ಅಂದಳು.

ಆ ಮಾತಿನ ಮುಂದೆ ಸುಮ್ಮನಿರಲು ನನಗೆ ಬರುವುದಿಲ್ಲ. ಗದ್ದೆಯ ಬದುವಿನ ಮೇಲೆ ನಿಂತವರು ನಮ್ಮವ್ವನ ಬೊಗಸೆಗೆ ಮೇಲಿಂದ ನೀರು ಸುರಿಯುವುದನ್ನು ಕಂಡು ಬೆಳೆದವಳು ನಾನು. ಎರಡೂ ಕೈ ಅವಳ ಮುಂದೆ ಚಾಚಿದೆ. "ದಿನಾ ನಿನ್ನ ಚೀಲ ತೆಗೆದು ತೊಳೆಯೋ ಕೈ ಇವು. ನಮ್ಮ ಮಂದಿ ಕೈ ಮುಟ್ಟಿದ್ರ ಮೈಲಿಗಿ ಅಂತಿದ್ರು ಒಂದ್ ಕಾಲಕ್ಕ. ನೀನೂ ಅಂತಿಯೇನು?"

ಬಸಲಿಂಗಮ್ಮ ಗಾಬರಿಯಾಗಿ ನನ್ನ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. "ಯಾಕ ಹಿಂಗ ಮಾತಾಡ್ತೀರಿ? ಈ ಕೈಲಿಂದ ನಾ ಬದುಕೀನ್ರಿ."

"ಹೊಟ್ಟಿ ಮ್ಯಾಲಿನ ಈ ಬಾಯಿಲಿಂದನೂ ನೀ ಬದುಕೀದಿ. ಅದು ಇರದಿದ್ರ ಇಷ್ಟೊತ್ತಿಗೆ ನಿನ್ನ ಮಣ್ಣು ಮಾಡಿರ್ತಿದ್ರು. ಅದಕ್ಯಾಕ ಹೇಸಿಗಿ ಅಂತಿ?"

ಅವಳು ಸೆರಗನ್ನು ಚೀಲದ ಮೇಲೆ ಎಳೆದುಕೊಂಡಳು. ಆಮೇಲೆ ಹೊರಬಂತು ನಿಜವಾದ ಸಂಕಟ. "ಅತ್ತಿ ಒಂದ್ ಸಲಾನೂ ಇದನ್ನ ನೋಡಿಲ್ರಿ. ನೀವು ಚೀಲ ಬಿಚ್ಚಾಕ ಬಂದ್ರ ಎದ್ದು ಹೊರಗ ಹೋಗ್ತಾರ. ಅವರಿಗೆ ಅಷ್ಟು ಹೇಸಿಗಿ ಆಗಬೇಕಾದ್ರ, ಅವರ ಕೈಲಿಂದ ಆ ಲಿಂಗ ಯಾವ ಮುಖದಲೇ ಇಸಕೊಳ್ಳಿ?"

ನಾನು ಎದ್ದು ನೇರ ಬೇವಿನ ಮರದ ಕೆಳಗೆ ಹೋದೆ. ಗುರುಬಸಮ್ಮ ಪೂಜೆ ಮುಗಿಸಿ ಬಂದು ಮಗನ ಪಕ್ಕ ಕೂತಿದ್ದಳು. ಸೊಸೆ ವಾರದಿಂದ ಉಂಡಿಲ್ಲ ಎಂದು ಹೇಳಿದೆ. ಸಿದ್ದಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

"ಲಿಂಗ ಕಟ್ಟಿಕೋ ಅಂದ್ರ ಮನಿಗೆ ಹೋಗಿ ಕಟ್ಟಿಕೊಂತೀನಿ ಅಂದ್ಲುರೀ," ಎಂದಳು ಗುರುಬಸಮ್ಮ. "ದವಾಖಾನ್ಯಾಗ ನೇಮ ಬಿಟ್ಟು ಉಣ್ಣಾಕತ್ತಾಳ ಪಾಪ, ಜೀವ ಉಳಿದ್ರ ಸಾಕು, ಅದನ್ನ ಕೇಳಿ ಯಾಕ ನೋಯಿಸಲಿ ಅಂತ ನಾ ಬಾಯಿ ಬಿಡಲಿಲ್ಲ. ಆಕಿ ಲಿಂಗ ಒಣಗಬಾರದಂತ ನಾನ ದಿನಾ ನೀರು ಎರಿಯಾಕತ್ತೀನಿ."

"ಮತ್ತ ಚೀಲ ಬಿಚ್ಚುವಾಗ ಯಾಕ ಎದ್ದು ಹೋಗ್ತೀರಿ?"

"ಆಕಿ ಭಾಳ ನಾಚಿಕಿ ಹೆಣ್ಣುಮಗಳ್ರಿ. ಹಡಿವಾಗ ಸುದ್ದಾ ನನ್ನ ಮುಂದ ಯವ್ವಾ ಅಂತ ಚೀರಿಲ್ಲ. ನಾ ಕುಂತು ನೋಡಿದ್ರ ಇನ್ನೀಟು ಕುಗ್ತಾಳಂತ ಎದ್ದು ಹೋಗ್ತೀನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ ನನಗೆ. ಒಬ್ಬರ ಮನಸ್ಸು ಒಬ್ಬರು ನೋಯಿಸಬಾರದೆಂದು ಇಬ್ಬರೂ ಬಾಯಿ ಮುಚ್ಚಿಕೊಂಡು, ಅದರಲ್ಲಿ ಒಬ್ಬಳು ಸಾಯುವ ಹಾದಿ ಹಿಡಿದಿದ್ದಳು. "ಬರ್ರಿ ನನ್ನ ಸಂಗಾಟ," ಎಂದು ಮುದುಕಿಯ ರಟ್ಟೆ ಹಿಡಿದೇ ಒಳಗೆ ಕರೆತಂದೆ.

ಚೀಲ ಬದಲಿಸುವುದನ್ನು ಅವಳ ಕೈಯಿಂದಲೇ ಮಾಡಿಸಿದೆ. ಮನೆಗೆ ಹೋದ ಮೇಲೆ ಯಾರಾದರೂ ಕಲಿತಿರಲೇಬೇಕಲ್ಲ. ಹಳೆಯದನ್ನು ಮೆಲ್ಲಗೆ ಚರ್ಮ ಒತ್ತಿ ಹಿಡಿದು ಬಿಡಿಸಬೇಕು. ಉಗುರುಬೆಚ್ಚಗಿನ ನೀರಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಒರೆಸಬೇಕು, ಒತ್ತಿ ಆರಿಸಬೇಕು. ಹೊಸದರ ತೂತನ್ನು ಕರುಳಿನ ಬಾಯಿಗಿಂತ ಒಂದು ಗೆರೆಯಷ್ಟೇ ದೊಡ್ಡದಾಗಿ ಕತ್ತರಿಸಿ ಅಂಟಿಸಬೇಕು. ಬಸಲಿಂಗಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದಳು. ಗುರುಬಸಮ್ಮ ಬಗ್ಗಿ ನೋಡಿದಳು.

"ಅಯ್ಯ, ಇಷ್ಟ ಏನು!" ಎಂದಳು. "ಕೂಸಿನ ತುಟಿ ಹಂಗ ಕೆಂಪಗ ಅದಲ್ಲ. ನಾ ಏನೋ ದೊಡ್ಡ ಹುಣ್ಣು ಮಾಡಿ ಬಿಟ್ಟಾರಂತ ಹೆದರಿದ್ದೆ." ಒದ್ದೆ ಬಟ್ಟೆಯಿಂದ ಒರೆಸುತ್ತ, "ಮುಟ್ಟಿದ್ರ ನೋಯ್ತದೇನ್ರಿ?" ಎಂದು ನನ್ನನ್ನು ಕೇಳಿದಳು. ಕರುಳಿನ ಒಳಪದರಕ್ಕೆ ಮುಟ್ಟಿದ ನೋವು ಗೊತ್ತಾಗುವುದಿಲ್ಲ ಎಂದೆ. ಆಗ ಸೊಸೆಯ ಮುಖದ ಸೆರಗು ಎಳೆದಳು. "ಮುಖ ಯಾಕ ಮುಚ್ಕೊಂತಿ ಹುಚ್ಚಿ? ನಿನ್ನ ಮಕ್ಕಳ ಕುಂಡಿ ಯಾರ್ ತೊಳದಾರ? ನಾ ಅಲ್ಲೇನು? ಲಿಂಗ ಕಟ್ಟಿದವರಿಗೆ ಸೂತಕ ಇಲ್ಲಂತ ನಿನಗ ಹೇಳಿಕೊಟ್ಟಾಕಿ ನಾನು. ಹಡದಾಗ ಪೂಜಿ ಬಿಡಲಿಲ್ಲ, ಮುಟ್ಟಾದಾಗ ಬಿಡಲಿಲ್ಲ, ನಿಮ್ಮಾವ ಸತ್ತಾಗ ಬಿಡಲಿಲ್ಲ. ಈಗ ಇದಕ್ಕ ಬಿಡ್ತಿ?"

ಬಸಲಿಂಗಮ್ಮ ಅತ್ತೆಯ ಸೊಂಟಕ್ಕೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಮುದುಕಿ ಒಂದು ಕೈಯಲ್ಲಿ ಚೀಲ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅವಳ ತಲೆ ಸವರಿದಳು. ನಾನು ಕಿಟಕಿಯ ಕಡೆ ಮುಖ ಮಾಡಿದೆ. ಕೆಲಸದಲ್ಲಿರುವ ಸಿಸ್ಟರ್ ಅಳುವುದು ಚೆನ್ನಾಗಿ ಕಾಣುವುದಿಲ್ಲ.

ಆದರೂ ಬಸಲಿಂಗಮ್ಮನಿಗೆ ಒಂದು ಅಳುಕು ಉಳಿದಿತ್ತು. "ಪೂಜಿ ನಡುವ ಇದು ಬಂದ್ರ?" ಎಂದಳು. ಸ್ಟೋಮಾಕ್ಕೆ ಗುದದ್ವಾರದಂತೆ ಬಿಗಿಹಿಡಿಯುವ ಸ್ನಾಯು ಇಲ್ಲ. ಬಂದಾಗ ಬರುತ್ತದೆ, ತಡೆಯಲಾಗದು. ಆದರೆ ದೊಡ್ಡ ಕರುಳಿಗೂ ಒಂದು ರೂಢಿ ಇದೆ. ಜಠರಕ್ಕೆ ಊಟ ಬಿದ್ದೊಡನೆ ಕೆಳಗೆ ದೊಡ್ಡ ಕರುಳು ಚುರುಕಾಗಿ, ಇದ್ದದ್ದನ್ನು ಮುಂದೆ ತಳ್ಳುತ್ತದೆ. ಗ್ಯಾಸ್ಟ್ರೋಕಾಲಿಕ್ ರಿಫ್ಲೆಕ್ಸ್ ಎಂದು ಅದರ ಹೆಸರು. ಕೂಸುಗಳು ಹಾಲು ಕುಡಿಯುತ್ತಲೇ ಬಟ್ಟೆ ಹೊಲಸು ಮಾಡುವುದು ಇದರಿಂದಲೇ. ಹಾಗಾಗಿ ಉಣ್ಣುವ ಮೊದಲು ಅದು ಬಹುತೇಕ ಸುಮ್ಮನಿರುತ್ತದೆ. ಎದ್ದ ಕೂಡಲೇ ಚೀಲ ಬದಲಿಸು, ಮೈ ತೊಳೆದುಕೋ, ಪೂಜೆ ಮಾಡು, ಆಮೇಲೆ ಉಣ್ಣು ಎಂದು ಕ್ರಮ ಹಾಕಿಕೊಟ್ಟೆ. ನಿನ್ನ ನೇಮವೂ ಕರುಳಿನ ನೇಮವೂ ಒಂದೇ ನೋಡು ಎಂದೆ. ಗುರುಬಸಮ್ಮ ಅಲ್ಲಿಯೇ ಕೂತು ಶಿವದಾರವನ್ನು ಗಿಡ್ಡ ಮಾಡಿ ಗಂಟು ಹಾಕಿದಳು. ಈಗ ಲಿಂಗ ಎದೆಯ ಮೇಲೆಯೇ ನಿಲ್ಲುತ್ತಿತ್ತು.

ಮರುದಿನ ಬೆಳಿಗ್ಗೆ ನನ್ನ ಡ್ಯೂಟಿ ಶುರುವಾಗುವ ಮೊದಲೇ ಹೋದೆ. ಸಿದ್ದಪ್ಪ ಎಲ್ಲಿಂದಲೋ ಪತ್ರಿ ಎಲೆ ಹುಡುಕಿ ತಂದು ಬಾಗಿಲಲ್ಲಿ ಕೊಟ್ಟುಹೋಗಿದ್ದ. ಪರದೆ ಎಳೆದು, ಸೊಸೆಯ ಮೈ ಒರೆಸಿ, ಮಡಿ ಸೀರೆ ಸುತ್ತಿ ಕೂಡಿಸಿದ್ದರು. ಹಣೆಗೆ ವಿಭೂತಿ. ಅತ್ತೆ ಸೆರಗಿನ ಗಂಟು ಬಿಚ್ಚಿ ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟಳು. ಬಸಲಿಂಗಮ್ಮ ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿದ್ದವು.

ಪೂಜೆಯ ನಟ್ಟನಡುವೆ ಹೊಟ್ಟೆಯ ಚೀಲದಿಂದ ಗುರ್ ಎಂದು ಗಾಳಿ ಬಂತು. ಇಡೀ ವಾರ್ಡಿಗೆ ಕೇಳುವಂಥ ಸದ್ದು. ಅವಳ ಕಣ್ಣು ಫಕ್ಕನೆ ತೆರೆದವು. ಮುಖ ಬಿಳಿಚಿತು. ಅಂಗೈಯನ್ನು ಮೈಯಿಂದ ದೂರ ಚಾಚಿಬಿಟ್ಟಳು. ಎಲ್ಲ ಕೆಟ್ಟಿತು ಎಂದುಕೊಂಡೆ ನಾನು. ಉಣ್ಣುವ ಮೊದಲು ಅದು ಸುಮ್ಮನಿರುತ್ತದೆ ಎಂದು ಪಾಠ ಹೇಳಿದವಳು ನಾನೇ.

ಗುರುಬಸಮ್ಮ ಆ ಚಾಚಿದ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಮತ್ತೆ ಸೊಸೆಯ ಎದೆಯ ಹತ್ತಿರ ತಂದಳು. "ನಡುವ ಬಿಡಬ್ಯಾಡ, ಮಾಡು," ಎಂದಳು. "ಕರುಳು ಹಸದದ, ಅದಕ್ಕ ಕರಿಯಾಕತ್ತದ. ಶಿವಗ ಹಸಿವಿ ಗೊತ್ತಿಲ್ಲೇನು?"

ಪರದೆಯ ಆಚೆಯಿಂದ ಹುಸೇನಮ್ಮನ ದನಿ ಕೇಳಿತು. "ಜಲ್ದಿ ಮುಗಿಸವ್ವ ತಾಯಿ. ನಿನ್ನ ಗಂಜಿ ಆರಾಕತ್ತದ. ನಂಗರ ಸಿಸ್ಟರಮ್ಮ ಬಾಯಿಗೆ ಬೀಗ ಹಾಕ್ಯಾಳ."

ಬಸಲಿಂಗಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊಲಿಗೆ ಎಳೆದು ನೋವಾಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಕಣ್ಣು ಮುಚ್ಚಿ ಉಳಿದ ಪೂಜೆ ಮುಗಿಸಿದಳು, ತೀರ್ಥ ಕುಡಿದಳು, ಲಿಂಗವನ್ನು ಕೊರಳಿಗೆ ಕಟ್ಟಿಕೊಂಡಳು. ವಾರದ ಉಪವಾಸದ ಮೇಲೆ ಒಮ್ಮೆಲೇ ಹೊಟ್ಟೆ ತುಂಬ ಕೊಡಬಾರದು, ಅಪಾಯ. ಹಾಗಾಗಿ ಅರ್ಧ ಬಟ್ಟಲು ಗಂಜಿ, ನಾಲ್ಕು ಚಮಚ ಹೆಸರುಬೇಳೆ ಕಟ್ಟು ಅಷ್ಟೇ ಕೊಟ್ಟೆ. ಕೊನೆಯ ಚಮಚ ಇಳಿಯುವವರೆಗೆ ಅಲ್ಲಿಂದ ಕದಲಲಿಲ್ಲ. ಅವಳು ಬಟ್ಟಲಿನ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದಳು. ಅದಕ್ಕಿಂತ ಚೆಂದದ ನೋಟ ಆ ವಾರ್ಡಿನಲ್ಲಿ ನಾನು ಕಂಡಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಚೀಲದಲ್ಲಿ ಮಲ ಕಂಡಿತು. ಮಲ ಕಂಡು ಕುಣಿದಾಡುವ ಕೆಲಸ ನಮ್ಮದೊಂದೇ ಇರಬೇಕು. ಓಡಿಹೋಗಿ ಡಾ. ಖಾದ್ರಿಯವರಿಗೆ ಹೇಳಿದೆ. ಅವರು ಬಂದು ಹೊಟ್ಟೆ ಮುಟ್ಟಿ ನೋಡಿ, ಸಿ.ಟಿ. ಚೀಟಿಯನ್ನು ಹರಿದು ಜೇಬಿಗೆ ಹಾಕಿಕೊಂಡರು. ದಿನದಿನಕ್ಕೆ ಗಂಜಿ ಮೆದು ಅನ್ನವಾಯಿತು, ಅನ್ನ ನುಚ್ಚು ಮಜ್ಜಿಗೆಯಾಯಿತು. ಗಾಯದ ಮೂಲೆ ಕೂಡಿಕೊಂಡಿತು. ಹುಸೇನಮ್ಮ ತನ್ನ ಆಪರೇಷನ್ ಮುಗಿಸಿ ಮನೆಗೆ ಹೋಗುವಾಗ, ನಾ ತಿಂದು ನನ್ನ ಆಪ್ರೇಷನ್ ಕೆಡಸದಿದ್ರ ನೀ ಬದುಕ್ತಿದ್ದಿಲ್ಲ ನೆನಪಿಟ್ಕೋ ಎಂದು ಬಸಲಿಂಗಮ್ಮನಿಗೆ ಬೆರಳು ತೋರಿಸಿ ಹೇಳಿ ಹೋದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮಳೆಗಾಲವೆಲ್ಲ ಬಸಲಿಂಗಮ್ಮ ಗಬ್ಬೂರಿನಿಂದ ಬಸ್ಸಿನಲ್ಲಿ ಅತ್ತೆಯ ಜೊತೆ ತಪಾಸಣೆಗೆ ಬಂದು ಹೋದಳು. ಕೆನ್ನೆ ತುಂಬಿಕೊಂಡವು. ದಸರಾ ಕಳೆದ ಮೇಲೆ ಡಾ. ಖಾದ್ರಿ ಅವಳ ಕರುಳನ್ನು ಒಳಗೆ ಕೂಡಿಸಿ ಹೊಟ್ಟೆ ಮುಚ್ಚಿದರು. ಆಪರೇಷನ್ನಿನ ನಂತರ ಹೊಲಿದ ಕರುಳು ಎಚ್ಚರಗೊಂಡು ಗಾಳಿ ಸರಿಯುವುದನ್ನು ನಾವು ಕಾಯುತ್ತೇವೆ. ಅಲ್ಲಿಯವರೆಗೆ ಬಾಯಿಗೆ ಏನೂ ಇಲ್ಲ. ಗಾಳಿ ಸರಿದ ಬೆಳಿಗ್ಗೆ ಡಾಕ್ಟರು ರೌಂಡ್ಸಿಗೆ ಬಂದವರು ಖುಷಿಯಿಂದ, "ಸಿಸ್ಟರ್, ದಾರಿ ತೆರೆದಿದೆ. ಊಟ ಶುರು ಮಾಡಿ, ಈಗಲೇ, ನನ್ನೆದುರಿಗೇ," ಎಂದರು.

"ಸ್ವಲ್ಪ ತಡೀರಿ ಸರ್," ಎಂದೆ ನಾನು. "ಆಕೀದು ಇನ್ನೂ ಪೂಜಿ ಆಗಿಲ್ಲ."

ಹತ್ತು ವಾರ್ಡು ಸುತ್ತಬೇಕಾದ ಮನುಷ್ಯ ಅವರು. ಒಂದು ಗಳಿಗೆ ನನ್ನ ಮುಖ ನೋಡಿದರು, ಬಸಲಿಂಗಮ್ಮನ ಅಂಗೈಯಲ್ಲಿದ್ದ ಲಿಂಗ ನೋಡಿದರು. ಮೂಲೆಯ ಸ್ಟೂಲನ್ನು ತಾವೇ ಎಳೆದುಕೊಂಡು ಕೂತು, "ಆಗಲಿ," ಎಂದರು.

ಅಂದಿನಿಂದ ನಿವೃತ್ತಿಯಾಗುವವರೆಗೆ, ವಾರ್ಡಿಗೆ ಬಂದ ಪ್ರತಿಯೊಬ್ಬರನ್ನೂ ಉಂಡಿರೇನು ಎಂದು ಕೇಳುವ ಮೊದಲು, ಉಣ್ಣುವ ಮುಂಚೆ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. ಒಬ್ಬಳು ಹೊರಗೆ ಬಂದು ಸೂರ್ಯನಿಗೆ ಕೈ ಮುಗಿಯಬೇಕು ಎಂದಳು. ಇನ್ನೊಬ್ಬಳು ಬಿಸ್ಮಿಲ್ಲಾ ಅಂದರೆ ಸಾಕು ಎಂದಳು. ಯರಗೇರಾದ ಒಬ್ಬ ಮುದುಕಿ ನಾಚಿಕೊಂಡು, ನಾ ಮೊದಲ ಒಂದು ತುತ್ತು ಯಾರಿಗಾದ್ರೂ ಕೊಡಬೇಕ್ರಿ ಸಿಸ್ಟರ್, ಇಲ್ಲಿ ಯಾರಿಗೆ ಕೊಡಲಿ ಎಂದಳು. ನಾನು ಅಂಗೈ ಚಾಚಿ ಆ ತುತ್ತು ಇಸಿದುಕೊಂಡು ಅವಳ ಮುಂದೆಯೇ ತಿಂದೆ. ಆಮೇಲೆ ಅವಳು ಉಂಡಳು.